ಕಾಣೋದು ಬೇರೆ, ನೋಡೋದು ಬೇರೆ: ಇಂಗ್ಲಿಷಿನ ಲುಕ್, ಸ್ಮೆಲ್, ಟೇಸ್ಟ್, ಫೀಲ್, ಸೌಂಡ್ ಪಕ್ಕ ಎಂತ ಹಾಕ್ಬೇಕು

ತೀರ್ಥಹಳ್ಳಿ ಹತ್ರ ನಮ್ಮ ಚಿಕ್ಕಮ್ಮನ ಮಗ ತೋಟದ ಮನೇಲಿ ಎರಡು ರೂಮು ತೆಗೆದು ಹೋಂಸ್ಟೇ ಶುರು ಮಾಡಿದಾನೆ. ಬೋರ್ಡ್ ಬರೆಸೋಕೆ ಕೊಡೋ ಮೊದ್ಲು ವಾಟ್ಸಾಪಲ್ಲಿ ನಂಗೆ ಮೂರು ಸಾಲು ಕಳಿಸ್ದ. "ಅವರ್ ಫುಡ್ ಟೇಸ್ಟ್ಸ್ ಡೆಲಿಷಿಯಸ್ಲಿ. ದಿ ವ್ಯಾಲಿ ಲುಕ್ಸ್ ಬ್ಯೂಟಿಫುಲಿ ಇನ್ ದಿ ಮಾರ್ನಿಂಗ್. ಯು ವಿಲ್ ಫೀಲ್ ಪೀಸ್‌ಫುಲಿ ಹಿಯರ್." ಮೂರಕ್ಕೆ ಮೂರೂ ತಪ್ಪು, ಆದ್ರೆ ಮೂರೂ ಒಂದೇ ತಪ್ಪು. ಫೋನ್ ಮಾಡಿ ಕೇಳಿದ್ರೆ ಅವನು ಹೇಳಿದ್ದು ಏನು ಗೊತ್ತಾ, "ಅಕ್ಕ, ವರ್ಬ್ ಪಕ್ಕ ಬರೋದು ಅಡ್ವರ್ಬ್ ಅಲ್ವೇನೆ, ಅದಕ್ಕೇ ನೆನಪಿಟ್ಕೊಂಡು ಎಲ್‌ವೈ ಸೇರ್ಸಿದೀನಿ." ಅಂದ್ರೆ ಇದು ಉದಾಸೀನದಲ್ಲಿ ಆದ ತಪ್ಪಲ್ಲ, ಕಲ್ತಿದ್ದ ರೂಲನ್ನ ಶ್ರದ್ಧೆಯಿಂದ ಹಾಕಿದ್ದಕ್ಕೆ ಆದ ತಪ್ಪು. ನಂಗೆ ಈ ತಪ್ಪಿನ ಮೇಲೆ ಜಾಸ್ತಿ ಕಾಳಜಿ ಬರೋದೇ ಅದಕ್ಕೆ.

ನಾನು ಶಿವಮೊಗ್ಗದಲ್ಲಿ ಸಾಯಂಕಾಲ ಹೊತ್ತು ಸ್ಪೋಕನ್ ಇಂಗ್ಲಿಷ್ ಹೇಳ್ಕೊಡ್ತೀನಿ, ಪಿಯುಸಿ ಮಕ್ಳು ಬರ್ತಾರೆ, ಡಿಗ್ರಿ ಮುಗ್ಸಿ ಇಂಟರ್‌ವ್ಯೂಗೆ ಓಡಾಡೋರು ಬರ್ತಾರೆ, ಅಂಗಡಿ ನಡ್ಸೋರೂ ಬರ್ತಾರೆ. ಎಲ್ರೂ ಸಿಕ್ಕಾಕ್ಕೊಳ್ಳೋ ಜಾಗ ಇದು. ಇದನ್ನ ಕನ್ನಡದ ಕಡೆಯಿಂದ ಬಿಡಿಸಿದ್ರೆ ಎಷ್ಟು ಬೇಗ ಬಿಚ್ಕೊಳ್ಳತ್ತೆ ಅಂತ ನಂಗೆ ಪಾಠ ಮಾಡ್ತಾ ಮಾಡ್ತಾ ಗೊತ್ತಾಯ್ತು, ಅದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೀತಿದೀನಿ. ಪಕ್ಕದಲ್ಲಿ ಒಂದು ಪೆನ್ನು ಹಾಳೆ ಇಟ್ಕೊಂಡು ಓದಿ.

ಮೊದಲು ತಪ್ಪು ಹುಟ್ಟೋ ಜಾಗ ನೋಡೋಣ

ಕನ್ನಡದಲ್ಲಿ "ಚೆನ್ನಾಗಿ" ಅನ್ನೋ ಒಂದು ಪದ ಎಷ್ಟು ಕೆಲ್ಸ ಮಾಡತ್ತೆ ನೋಡಿ. ಹುಡುಗಿ ಚೆನ್ನಾಗಿ ಹಾಡ್ತಾಳೆ. ಹುಡುಗಿ ಚೆನ್ನಾಗಿ ಕಾಣ್ತಾಳೆ. ಕಡುಬು ಚೆನ್ನಾಗಿದೆ. ಮೂರು ಕಡೆನೂ ಅದೇ ಪದ. ಹಾಗೇ ಸುಂದರವಾಗಿ, ರುಚಿಯಾಗಿ, ಮೆತ್ತಗೆ, ಜೋರಾಗಿ, ಇವೆಲ್ಲ ಮಾಡೋ ಕೆಲ್ಸದ ಜೊತೆಗೂ ಬರತ್ತೆ, ಇರೋ ಸ್ಥಿತಿ ಜೊತೆಗೂ ಬರತ್ತೆ. ಇಂಗ್ಲಿಷಲ್ಲಿ ಹಾಗಲ್ಲ. ಹಾಡೋದಕ್ಕೆ "ಶಿ ಸಿಂಗ್ಸ್ ಬ್ಯೂಟಿಫುಲಿ", ಕಾಣೋದಕ್ಕೆ "ಶಿ ಲುಕ್ಸ್ ಬ್ಯೂಟಿಫುಲ್". ನಮ್ಮ ಒಂದು "ಆಗಿ"ಗೆ ಅಲ್ಲಿ ಎರಡು ರೂಪ. "ಸುಂದರವಾಗಿ ಕಾಣ್ತಾಳೆ" ಅಂತ ಮನಸ್ಸಲ್ಲಿ ಅಂದ್ಕೊಂಡು ಅದನ್ನೇ ಇಂಗ್ಲಿಷಿಗೆ ತಿರುಗ್ಸಿದ್ರೆ ಆ "ಆಗಿ" ಹೋಗಿ ಎಲ್‌ವೈ ಆಗ್ಬಿಡತ್ತೆ, ಬ್ಯೂಟಿಫುಲಿ ಬರೋದು ಹೀಗೆ.

ಈಗ ಉಲ್ಟಾ ಕಡೆಯಿಂದ ನೋಡಿ, ಇದು ನಂಗೆ ತುಂಬಾ ಇಷ್ಟವಾದ ವಿಷ್ಯ. ಇಂಗ್ಲಿಷಲ್ಲಿ "ಲುಕ್" ಅನ್ನೋದು ಒಂದೇ ವರ್ಬು, ಆದ್ರೆ ಕನ್ನಡದಲ್ಲಿ ಅದಕ್ಕೆ ಎರಡು ಇದೆ: ನೋಡೋದು ಮತ್ತು ಕಾಣೋದು. ಮೇಷ್ಟ್ರು ಕೋಪದಿಂದ ನೋಡಿದ್ರು ಅನ್ನೋದಕ್ಕೂ ಮೇಷ್ಟ್ರು ಕೋಪ ಬಂದೋರ ಹಾಗೆ ಕಂಡ್ರು ಅನ್ನೋದಕ್ಕೂ ನಾವು ಯಾವತ್ತೂ ಗೊಂದಲ ಮಾಡ್ಕೊಳ್ಳಲ್ಲ, ಐದು ವರ್ಷದ ಮಗೂನೂ ಮಾಡ್ಕೊಳ್ಳಲ್ಲ. ಸ್ಮೆಲ್ ಅಂದ್ರೆ ಮೂಸೋದೂ ಹೌದು, ವಾಸನೆ ಬರೋದೂ ಹೌದು. ಟೇಸ್ಟ್ ಅಂದ್ರೆ ರುಚಿ ನೋಡೋದೂ ಹೌದು, ರುಚಿ ಇರೋದೂ ಹೌದು. ಫೀಲ್ ಅಂದ್ರೆ ಮುಟ್ಟಿ ನೋಡೋದು, ತಡಕೋದು ಒಂದು ಕಡೆ, ಅನ್ಸೋದು ಇನ್ನೊಂದು ಕಡೆ. ಸೌಂಡ್ ಅಂದ್ರೆ ಹಾರ್ನ್ ಹೊಡೆಯೋದು ಒಂದು, ಕಿವಿಗೆ ಕೇಳ್ಸೋದು ಇನ್ನೊಂದು.

ಅಂದ್ರೆ ಇಂಗ್ಲಿಷ್ ವರ್ಬಲ್ಲಿ ಒಂದು ಮಾಡಿದ್ದನ್ನ ಕನ್ನಡ ಎರಡು ಮಾಡಿ ಇಟ್ಟಿದೆ, ಕನ್ನಡ "ಆಗಿ"ಯಲ್ಲಿ ಒಂದು ಮಾಡಿದ್ದನ್ನ ಇಂಗ್ಲಿಷ್ ಎರಡು ಮಾಡಿ ಇಟ್ಟಿದೆ. ಹಾಗಾಗಿ "ಆಗಿ"ಯನ್ನ ಹಿಡ್ಕೊಂಡ್ರೆ ದಾರಿ ತಪ್ಪತ್ತೆ, ಕನ್ನಡದ ವರ್ಬನ್ನ ಹಿಡ್ಕೊಂಡ್ರೆ ದಾರಿ ಸಿಗತ್ತೆ.

ಹೆಜ್ಜೆ ಒಂದು: ಕನ್ನಡದಲ್ಲಿ ಅದು ಯಾವ ವರ್ಬು ಅಂತ ಕೇಳ್ಕೊಳ್ಳಿ

ಇಂಗ್ಲಿಷ್ ವಾಕ್ಯ ಬರೆಯೋ ಮೊದ್ಲು ಅರ್ಧ ಸೆಕೆಂಡು ನಿಂತು ನಾನು ಹೇಳ್ತಿರೋದು ನೋಡೋದಾ ಕಾಣೋದಾ, ಮೂಸೋದಾ ವಾಸನೆ ಬರೋದಾ ಅಂತ ಕೇಳ್ಕೊಳ್ಳಿ. ನೋಡೋದು, ಮೂಸೋದು, ರುಚಿ ನೋಡೋದು, ತಡಕೋದು, ಹಾರ್ನ್ ಹೊಡೆಯೋದು ಇವೆಲ್ಲ ಯಾರೋ ಮಾಡೋ ಕೆಲ್ಸ. ಕೆಲ್ಸಕ್ಕೆ ಅಡ್ವರ್ಬ್ ಬೇಕು, ಅಂದ್ರೆ ಕೆಲ್ಸ ಹೇಗಾಯ್ತು ಅಂತ ಹೇಳೋ ಪದ. ಕಾಣೋದು, ವಾಸನೆ ಬರೋದು, ರುಚಿ ಇರೋದು, ಅನ್ಸೋದು, ಕೇಳ್ಸೋದು ಇವು ಆ ವಸ್ತು ಹೇಗಿದೆ ಅಂತ ಹೇಳೋ ಮಾತು. ಅದಕ್ಕೆ ಅಡ್ಜೆಕ್ಟಿವ್ ಬೇಕು, ಅಂದ್ರೆ ವಸ್ತುವಿನ ಗುಣ ಹೇಳೋ ಪದ.

ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋಗಿದೀರಿ ಅಂದ್ಕೊಳ್ಳಿ, ಶಿವಮೊಗ್ಗದಿಂದ ತೀರ್ಥಹಳ್ಳಿ ರೋಡಲ್ಲಿ ಬರತ್ತಲ್ಲ ಅಲ್ಲಿ. ಬೆಳಿಗ್ಗೆ ಆನೆಗಳನ್ನ ನೀರಿಗೆ ಇಳಿಸಿ ಮೈ ತಿಕ್ತಾ ಇರ್ತಾರೆ. ಒಂದು ಆನೆ ನಿಮ್ಮನ್ನ ಶಾಂತವಾಗಿ ನೋಡ್ತು. ನೋಡಿದ್ದು ಆನೆ ಮಾಡಿದ ಕೆಲ್ಸ, ಹಾಗಾಗಿ "ದಿ ಎಲಿಫೆಂಟ್ ಲುಕ್ಡ್ ಕಾಮ್ಲಿ ಅಟ್ ಅಸ್." ಅದೇ ಆನೆ ನಿಮ್ಮ ಕಣ್ಣಿಗೆ ಶಾಂತವಾಗಿ ಕಾಣ್ತು ಅಂದ್ರೆ "ದಿ ಎಲಿಫೆಂಟ್ ಲುಕ್ಡ್ ಕಾಮ್." ಕನ್ನಡದಲ್ಲಿ ಎರಡರಲ್ಲೂ "ಶಾಂತವಾಗಿ" ಇದೆ, ಆದ್ರೆ ಒಂದ್ರಲ್ಲಿ ನೋಡ್ತು, ಇನ್ನೊಂದ್ರಲ್ಲಿ ಕಾಣ್ತು. ಆಮೇಲೆ ಮಾವುತ ಕೊಟ್ಟ ಬಾಳೆಹಣ್ಣನ್ನ ಆನೆ ನಿಧಾನಕ್ಕೆ ಮೂಸ್ತು ಅಂದ್ರೆ "ದಿ ಎಲಿಫೆಂಟ್ ಸ್ಮೆಲ್ಡ್ ದಿ ಬನಾನ ಸ್ಲೋಲಿ." ಬಾಳೆಹಣ್ಣು ಸಿಹಿ ವಾಸನೆ ಬರ್ತಿತ್ತು ಅಂದ್ರೆ "ದಿ ಬನಾನ ಸ್ಮೆಲ್ಡ್ ಸ್ವೀಟ್." ಇಲ್ಲಿ "ಸ್ವೀಟ್ಲಿ" ಅಂದ್ರೆ ಬಾಳೆಹಣ್ಣಿಗೇ ಮೂಗಿದ್ದು ಅದು ಏನನ್ನೋ ಮೂಸ್ತಿದೆ ಅನ್ನೋ ಅರ್ಥದ ಕಡೆ ವಾಕ್ಯ ವಾಲತ್ತೆ.

ಮಳೇಲಿ ನೆಂದು ಬಂದ ಮನೆ ನಾಯಿ ಜಗಲೀಲಿ ಮಲಗಿ ನಾರ್ತಿದೆ ಅಂತ ಹೇಳ್ಬೇಕಾದ್ರೆ "ದಿ ಡಾಗ್ ಸ್ಮೆಲ್ಸ್ ಬ್ಯಾಡ್". "ದಿ ಡಾಗ್ ಸ್ಮೆಲ್ಸ್ ಬ್ಯಾಡ್ಲಿ" ಅಂದ್ರೆ ಅಕ್ಷರಶಃ ಆ ನಾಯಿಗೆ ಮೂಸೋಕೆ ಸರಿಯಾಗಿ ಬರಲ್ಲ, ಮೂಗು ಕೆಲ್ಸ ಮಾಡ್ತಿಲ್ಲ ಅಂತ. ಎರಡು ಅಕ್ಷರದಲ್ಲಿ ತಪ್ಪು ನಾಯಿ ಮೈಯಿಂದ ಮೂಗಿಗೆ ಹೋಗ್ಬಿಡತ್ತೆ.

ಹೆಜ್ಜೆ ಎರಡು: ವರ್ಬ್ ತೆಗೆದು "ಈಸ್" ಹಾಕಿ ನೋಡಿ

ಕೆಲವ್ರಿಗೆ ಕನ್ನಡದ ದಾರಿ ಹಿಡ್ಸತ್ತೆ, ಕೆಲವ್ರಿಗೆ ಇಂಗ್ಲಿಷಲ್ಲೇ ಒಂದು ಪರೀಕ್ಷೆ ಇದ್ರೆ ಧೈರ್ಯ. ಅದಕ್ಕೆ ಇದು. ಆ ವರ್ಬ್ ಜಾಗದಲ್ಲಿ ಈಸ್, ಆರ್, ವಾಸ್, ವರ್ ಯಾವುದು ಹೊಂದತ್ತೋ ಅದನ್ನ ಕೂರ್ಸಿ. ವಾಕ್ಯಕ್ಕೆ ಅರ್ಥ ಉಳಿದ್ರೆ ಅಡ್ಜೆಕ್ಟಿವ್, ವಾಕ್ಯ ಮುರಿದುಬಿದ್ರೆ ಅಡ್ವರ್ಬ್.

"ದಿ ಕಡುಬು ಟೇಸ್ಟ್ಸ್ ಗುಡ್." ಈಸ್ ಹಾಕಿ: "ದಿ ಕಡುಬು ಈಸ್ ಗುಡ್." ಸರಿಯಾಗಿದೆ, ಗುಡ್ ಇರ್ಲಿ. "ಅಜ್ಜಿ ಟೇಸ್ಟೆಡ್ ದಿ ತಂಬುಳಿ ಸ್ಲೋಲಿ." ವಾಸ್ ಹಾಕಿ: "ಅಜ್ಜಿ ವಾಸ್ ದಿ ತಂಬುಳಿ." ಅಜ್ಜಿನೇ ತಂಬುಳಿ ಆಗ್ಬಿಟ್ರು, ಅಂದ್ರೆ ಇಲ್ಲಿ ಟೇಸ್ಟ್ ಕೆಲ್ಸದ ವರ್ಬು, ಸ್ಲೋಲಿ ಸರಿ. "ಗಂಗಾ ಸ್ನಾನ, ತುಂಗಾ ಪಾನ" ಅಂತೀವಲ್ಲ, ತುಂಗೆ ನೀರು ಸಿಹಿ ಅಂತ ಹೊರಗಿನೋರಿಗೆ ಹೇಳ್ಬೇಕಾದ್ರೂ ಅಷ್ಟೇ: "ತುಂಗಾ ವಾಟರ್ ಟೇಸ್ಟ್ಸ್ ಸ್ವೀಟ್." ತುಂಗಾ ವಾಟರ್ ಈಸ್ ಸ್ವೀಟ್, ಅರ್ಥ ಉಳೀತು.

ಇಂಥ ವರ್ಬಿಗೆ ಗ್ರಾಮರ್ ಪುಸ್ತಕದಲ್ಲಿ ಲಿಂಕಿಂಗ್ ವರ್ಬ್ ಅಂತಾರೆ. ಆ ಕಡೆ ಇರೋ ಹೆಸರನ್ನೂ (ಅಂದ್ರೆ ನೌನ್) ಈ ಕಡೆ ಇರೋ ಗುಣವನ್ನೂ ಜೋಡ್ಸೋ ಸಂಕ. ನಮ್ಮ ಕಡೆ ಹಳ್ಳ ದಾಟೋಕೆ ಅಡಿಕೆ ಮರ ಅಡ್ಡ ಹಾಕಿರ್ತಾರಲ್ಲ, ಆ ಥರದ ಸಂಕ ಅಂದ್ಕೊಳ್ಳಿ. ಸಂಕ ತಾನು ಏನೂ ಮಾಡಲ್ಲ, ದಾಟಿಸತ್ತೆ ಅಷ್ಟೇ. "ಗುಡ್" ಅನ್ನೋದು ಸಂಕದ ಬಗ್ಗೆ ಹೇಳೋ ಮಾತಲ್ಲ, ಆಚೆ ದಡದಲ್ಲಿರೋ ಕಡುಬಿನ ಬಗ್ಗೆ ಹೇಳೋ ಮಾತು. ಅಡ್ವರ್ಬ್ ವರ್ಬನ್ನ ಬಣ್ಣಿಸತ್ತೆ, ಅಡ್ಜೆಕ್ಟಿವ್ ಹೆಸರನ್ನ ಬಣ್ಣಿಸತ್ತೆ ಅನ್ನೋ ಶಾಲೆ ರೂಲು ಸುಳ್ಳಲ್ಲ. ಆದ್ರೆ "ವರ್ಬ್ ಪಕ್ಕ ಕೂತಿದ್ದೆಲ್ಲ ವರ್ಬನ್ನೇ ಬಣ್ಣಿಸತ್ತೆ" ಅಂತ ನಾವು ಅದನ್ನ ಅರ್ಥ ಮಾಡ್ಕೊಂಡಿದೀವಿ, ಅಲ್ಲಿ ಎಡವಿದೀವಿ. ಪಕ್ಕದಲ್ಲಿ ಕೂತಿರೋದು ಬೇರೆ, ಯಾರ ಬಗ್ಗೆ ಮಾತಾಡ್ತಿದೆ ಅನ್ನೋದು ಬೇರೆ.

ಜೋಗದ ಹತ್ರ ಒಂದು ಪಾಠ

ಜೋಗದಲ್ಲಿ 253 ಮೀಟರ್ ಎತ್ತರದಿಂದ ಶರಾವತಿ ನಾಲ್ಕು ಸೀಳಾಗಿ ಬೀಳತ್ತೆ, ರಾಜ, ರಾಣಿ, ರೋರರ್, ರಾಕೆಟ್. ರೋರರ್ ಅಂದ್ರೇನೇ ಅಬ್ಬರಿಸೋನು. ಈ ಹೆಸರೊಂದನ್ನ ಇಟ್ಕೊಂಡು ನಾನು ಕ್ಲಾಸಲ್ಲಿ ಎರಡು ವಾಕ್ಯ ಬರೆಸ್ತೀನಿ. "ದಿ ರೋರರ್ ರೋರ್ಸ್ ಲೌಡ್ಲಿ." "ದಿ ರೋರರ್ ಸೌಂಡ್ಸ್ ಲೌಡ್." ಅಬ್ಬರಿಸೋದು ಕೆಲ್ಸ, ಹೇಗೆ ಅಬ್ಬರಿಸತ್ತೆ, ಜೋರಾಗಿ, ಹಾಗಾಗಿ ಲೌಡ್ಲಿ. ಸೌಂಡ್ಸ್ ಅನ್ನೋದು ನಮ್ಮ ಕಿವಿಗೆ ಹೇಗೆ ಕೇಳ್ಸತ್ತೆ ಅನ್ನೋದು, ಹಾಗಾಗಿ ಲೌಡ್. ಜಲಪಾತ ಒಂದೇ, ಸದ್ದು ಒಂದೇ, ಕನ್ನಡದಲ್ಲಿ ಎರಡಕ್ಕೂ "ಜೋರಾಗಿ"ನೇ, ಆದ್ರೆ ವರ್ಬ್ ಬದಲಾದ ಕೂಡ್ಲೇ ಪಕ್ಕದ ಪದವೂ ಬದಲಾಯ್ತು.

ಹಾಗಂತ ಸೌಂಡ್ ಯಾವಾಗ್ಲೂ ಲಿಂಕಿಂಗ್ ಅಂತ ಬರ್ಕೊಬೇಡಿ. ಲಾರಿ ಹಿಂದೆ "ಸೌಂಡ್ ಹಾರ್ನ್" ಅಂತ ಬರೆದಿರ್ತಾರೆ. ಆ ಸೌಂಡ್ ಕೆಲ್ಸದ ವರ್ಬು, ಹಾರ್ನ್ ಹೊಡಿ ಅಂತ. ಆಗುಂಬೆ ಘಾಟಿ ತಿರುವಲ್ಲಿ ಬಸ್ ಡ್ರೈವರ್ ಜೋರಾಗಿ ಹಾರ್ನ್ ಹೊಡೆದ್ರು ಅಂದ್ರೆ "ದಿ ಡ್ರೈವರ್ ಸೌಂಡೆಡ್ ದಿ ಹಾರ್ನ್ ಲೌಡ್ಲಿ." ಮಂಜಲ್ಲಿ ಆ ಹಾರ್ನ್ ದೂರದಿಂದ ಕ್ಷೀಣವಾಗಿ ಕೇಳಿಸ್ತು ಅಂದ್ರೆ "ದಿ ಹಾರ್ನ್ ಸೌಂಡೆಡ್ ಫೇಂಟ್."

ಇಲ್ಲೇ ಒಂದು ಗುರುತು ಹೇಳ್ಬಿಡ್ತೀನಿ. ವರ್ಬ್ ಆದ್ಮೇಲೆ ನೇರವಾಗಿ ಒಂದು ವಸ್ತು ಬಂದ್ರೆ, ಸೌಂಡೆಡ್ ದಿ ಹಾರ್ನ್, ಟೇಸ್ಟೆಡ್ ದಿ ಸಾಂಬಾರ್, ಫೆಲ್ಟ್ ದಿ ವಾಲ್ ಅಂತ, ಅದು ಕೆಲ್ಸದ ವರ್ಬೇ. ಲುಕ್ ಆದ್ಮೇಲೆ ಅಟ್, ಫಾರ್, ಇಂಟು ಬಂದ್ರೂ ಸಾಮಾನ್ಯವಾಗಿ ಕೆಲ್ಸದ ವರ್ಬು, ನೋಡೋದು, ಹುಡುಕೋದು, ಪರಿಶೀಲಿಸೋದು. ಅಡಿಕೆ ಮಂಡೀಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಬೇರೆ ಬೇರೆ ಮಾಡೋ ಅನುಭವಸ್ಥರು ಒಂದು ಹಿಡಿ ಎತ್ತಿ ಕಣ್ಣ ಹತ್ರ ತಂದು ನೋಡ್ತಾರಲ್ಲ, "ಹಿ ಲುಕ್ಡ್ ಕ್ಲೋಸ್‌ಲಿ ಅಟ್ ದಿ ನಟ್ಸ್." ನೋಡಿ ಆದ್ಮೇಲೆ ಅಡಿಕೆ ಚೆನ್ನಾಗಿ ಒಣಗಿದ ಹಾಗೆ ಕಾಣ್ತಿದೆ ಅಂದ್ರೆ "ದಿ ನಟ್ಸ್ ಲುಕ್ ಡ್ರೈ." ಕೈಯಲ್ಲಿ ಹಿಡಿದ್ರೆ ಗಟ್ಟಿ ಅನ್ಸತ್ತೆ, "ದೇ ಫೀಲ್ ಹಾರ್ಡ್." ಒಂದೇ ನಿಮಿಷದ ವ್ಯಾಪಾರದಲ್ಲಿ ಅಡ್ವರ್ಬ್ ಒಂದು ಸಲ, ಅಡ್ಜೆಕ್ಟಿವ್ ಎರಡು ಸಲ.

ಈ "ಹಾರ್ಡ್" ಬಗ್ಗೆ ಒಂದು ಮಾತು. ಅದಕ್ಕೆ ಎಲ್‌ವೈ ಸೇರಿಸಿದ್ರೆ "ಗಟ್ಟಿಯಾಗಿ" ಆಗಲ್ಲ, "ಹಾರ್ಡ್ಲಿ" ಅಂದ್ರೆ "ಇಲ್ಲವೇ ಇಲ್ಲ ಅನ್ನೋವಷ್ಟು ಕಮ್ಮಿ" ಅಂತ. ಕಷ್ಟಪಟ್ಟು ಕೆಲ್ಸ ಮಾಡ್ತಾನೆ ಅಂತ ಹೇಳೋಕೆ ಹೋಗಿ "ಹಿ ಹಾರ್ಡ್ಲಿ ವರ್ಕ್ಸ್" ಅಂದ್ರೆ ಅವನು ಕೆಲ್ಸಾನೇ ಮಾಡಲ್ಲ ಅಂತಾಯ್ತು. ಇಂಟರ್‌ವ್ಯೂಗೆ ಹೋಗೋರು ದಯವಿಟ್ಟು ಇದನ್ನ ಗಮನಿಸಿ. "ಐ ವರ್ಕ್ ಹಾರ್ಡ್" ಅಷ್ಟೇ ಸಾಕು.

ಹೆಜ್ಜೆ ಮೂರು: ಗುಡ್, ವೆಲ್, ಬ್ಯಾಡ್, ಬ್ಯಾಡ್ಲಿ

ಇದಕ್ಕೆ ಸ್ವಲ್ಪ ಹೊತ್ತು ಕೊಡ್ಬೇಕು, ಯಾಕಂದ್ರೆ ದಿನಾ ಬೇಕಾಗೋದು ಇದೇ.

ಗುಡ್ ಅಡ್ಜೆಕ್ಟಿವ್. ವೆಲ್ ಸಾಮಾನ್ಯವಾಗಿ ಅಡ್ವರ್ಬ್, "ಶಿ ಕುಕ್ಸ್ ವೆಲ್", ಚೆನ್ನಾಗಿ ಅಡುಗೆ ಮಾಡ್ತಾಳೆ. ಹಾಗಾಗಿ ಕಾಫಿ ಘಮ್ ಅಂತಿದೆ ಅನ್ನೋಕೆ "ದಿ ಕಾಫಿ ಸ್ಮೆಲ್ಸ್ ಗುಡ್", ವೆಲ್ ಅಲ್ಲ. ಇಲ್ಲೀವರೆಗೆ ಸುಲಭ. ಆದ್ರೆ ವೆಲ್‌ಗೆ ಇನ್ನೊಂದು ಜನ್ಮ ಇದೆ, ಅಡ್ಜೆಕ್ಟಿವ್ ಆಗಿ, ಆಗ ಅದರ ಅರ್ಥ "ಆರೋಗ್ಯವಾಗಿ". "ಐ ಡೋಂಟ್ ಫೀಲ್ ವೆಲ್" ಅಂದ್ರೆ ಮೈಗೆ ಹುಷಾರಿಲ್ಲ ಅಂತ. ಇಲ್ಲಿ ವೆಲ್ ಅಡ್ವರ್ಬ್ ಅಲ್ಲವೇ ಅಲ್ಲ, ಹಾಗಾಗಿ ರೂಲು ಮುರಿದೂ ಇಲ್ಲ. "ಯು ಲುಕ್ ಗುಡ್" ಅಂದ್ರೆ ಚೆನ್ನಾಗಿ ಕಾಣ್ತಿದೀರಿ, ಹೊಸ ಸೀರೆ ಉಟ್ಟಾಗ ಹೇಳೋ ಮಾತು. "ಯು ಲುಕ್ ವೆಲ್" ಅಂದ್ರೆ ಜ್ವರ ಬಿಟ್ಟು ಎದ್ದೋರಿಗೆ, ಈಗ ಗೆಲುವಾಗಿ ಕಾಣ್ತಿದೀರಿ ಅಂತ ಹೇಳೋದು. ಆಸ್ಪತ್ರೆಯಿಂದ ಬಂದ ದೊಡ್ಡಪ್ಪನಿಗೆ ಎರಡನೇದೇ ಚೆಂದ.

ಬ್ಯಾಡ್ ಕಥೆ ಬೇರೆ. ಬೇಜಾರಾಗಿದೆ, ಅಯ್ಯೋ ಅನ್ಸಿದೆ ಅಂತ ಹೇಳೋಕೆ "ಐ ಫೀಲ್ ಬ್ಯಾಡ್". "ಐ ಫೀಲ್ ಬ್ಯಾಡ್ಲಿ" ಅಂತ ಇಂಗ್ಲಿಷ್ ಮನೆಮಾತಿನೋರು ಕೆಲವ್ರು ಹೇಳೋದೂ ಉಂಟು, ಮುಖ್ಯವಾಗಿ ಅಮೆರಿಕದಲ್ಲಿ, ಹಾಗಾಗಿ ಯಾರಾದ್ರೂ ಅಂದ್ರೆ ತಿದ್ದೋಕೆ ಹೋಗ್ಬೇಡಿ. ಆದ್ರೆ ಪರೀಕ್ಷೇಲಿ, ಅರ್ಜೀಲಿ, ಆಫೀಸ್ ಮೇಲಲ್ಲಿ ಬರೆಯೋವಾಗ ಬ್ಯಾಡ್ ಅಂತಲೇ ಬರೀರಿ, ಅದನ್ನ ಯಾರೂ ತಪ್ಪು ಅನ್ನಲ್ಲ.

ಫೀಲ್ ಬಗ್ಗೆ ಇನ್ನೂ ಒಂದಿದೆ. "ಐ ಫೀಲ್ ಸ್ಟ್ರಾಂಗ್" ಅಂದ್ರೆ ಮೈಯಲ್ಲಿ ಶಕ್ತಿ ಇದೆ. "ಐ ಫೀಲ್ ಸ್ಟ್ರಾಂಗ್ಲಿ ಅಬೌಟ್ ದಿಸ್" ಅಂದ್ರೆ ಈ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಎರಡೂ ಸರಿ, ಎರಡನೇದ್ರಲ್ಲಿ ಫೀಲ್ ಅನ್ನೋದು ಅಭಿಪ್ರಾಯ ಇಟ್ಕೊಳ್ಳೋ ಕೆಲ್ಸ. ಇಂಟರ್‌ವ್ಯೂಲಿ "ಐ ಫೀಲ್ ಕಾನ್ಫಿಡೆಂಟ್ಲಿ" ಅಂದೋರನ್ನ ಎಷ್ಟೋ ಜನರನ್ನ ಕೇಳಿದೀನಿ. "ಐ ಫೀಲ್ ಕಾನ್ಫಿಡೆಂಟ್" ಅನ್ನಿ, "ಐ ಕ್ಯಾನ್ ಸ್ಪೀಕ್ ಕಾನ್ಫಿಡೆಂಟ್ಲಿ" ಅನ್ನಿ, ಎರಡನ್ನೂ ಜೋರಾಗಿ ಹತ್ತು ಸಲ ಹೇಳಿ ನಾಲಿಗೆಗೆ ಕೂರ್ಸಿ.

ಹೆಜ್ಜೆ ನಾಲ್ಕು: ಎಲ್‌ವೈ ಕಂಡ ಕೂಡ್ಲೇ ಹೆದರ್ಬೇಡಿ

ಇಷ್ಟು ಹೇಳ್ಕೊಟ್ಟ ಮೇಲೆ ಮಕ್ಳು ಇನ್ನೊಂದು ತುದಿಗೆ ಹೋಗ್ತಾರೆ, ಲುಕ್ ಪಕ್ಕ ಎಲ್‌ವೈ ಕಂಡ್ರೆ ಸಾಕು ಗೀಟು ಹಾಕಿ ಹೊಡೆದಾಕ್ತಾರೆ. ಮೂರು ಸಂದರ್ಭದಲ್ಲಿ ಎಲ್‌ವೈ ಇದ್ರೂ ವಾಕ್ಯ ಸರಿ ಇರತ್ತೆ.

ಒಂದು, ಎಲ್‌ವೈಯಲ್ಲಿ ಮುಗಿಯೋ ಅಡ್ಜೆಕ್ಟಿವ್‌ಗಳೇ ಇವೆ. ಫ್ರೆಂಡ್ಲಿ, ಲವ್ಲಿ, ಲೋನ್ಲಿ, ಕಾಸ್ಟ್ಲಿ, ಸಿಕ್ಲಿ. "ಕವಲೇದುರ್ಗ ಲುಕ್ಸ್ ಲವ್ಲಿ ಇನ್ ದಿ ಮಿಸ್ಟ್" ಪೂರ್ತಿ ಸರಿ. ರೋಗ ಬಂದು ಸೊರಗಿದ ಅಡಿಕೆ ಸಸಿಗೆ "ದಿ ಪ್ಲಾಂಟ್ ಲುಕ್ಸ್ ಸಿಕ್ಲಿ" ಅನ್ನೋದೂ ಸರಿ. ಎಲ್‌ವೈ ತೆಗೆದು ಉಳಿದಿದ್ದು ನೋಡಿ: ಫ್ರೆಂಡ್, ಲವ್. ಅವು ಹೆಸರುಗಳು. ಹೆಸರಿಗೆ ಎಲ್‌ವೈ ಸೇರಿದ್ರೆ ಹೆಚ್ಚಾಗಿ ಹುಟ್ಟೋದು ಅಡ್ಜೆಕ್ಟಿವ್, ಅಡ್ಜೆಕ್ಟಿವ್‌ಗೆ ಎಲ್‌ವೈ ಸೇರಿದ್ರೆ ಹುಟ್ಟೋದು ಅಡ್ವರ್ಬ್. ಇದು ನೂರಕ್ಕೆ ನೂರು ಅಲ್ಲ, ಲೋನ್ ಮತ್ತು ಸಿಕ್ ಹೆಸರುಗಳಲ್ಲ, ಆದ್ರೂ ಅಂದಾಜಿಗೆ ಒಳ್ಳೇದು.

ಎರಡು, ಅಡ್ವರ್ಬು ವರ್ಬಿನ ಮೇಲಲ್ಲ, ಆಮೇಲೆ ಬರೋ ಅಡ್ಜೆಕ್ಟಿವ್ ಮೇಲೆ ಕೂತಿರತ್ತೆ. "ದಿ ಕಾಫಿ ಸ್ಮೆಲ್ಸ್ ರಿಯಲಿ ಗುಡ್." ಇಲ್ಲಿ ರಿಯಲಿ ಹೇಳ್ತಿರೋದು ಎಷ್ಟು ಗುಡ್ ಅಂತ. "ದಿ ವ್ಯಾಲಿ ಲುಕ್ಸ್ ಇನ್‌ಕ್ರೆಡಿಬ್ಲಿ ಗ್ರೀನ್ ಇನ್ ಜುಲೈ." ಇನ್‌ಕ್ರೆಡಿಬ್ಲಿ ಇರೋದು ಗ್ರೀನ್‌ಗೆ. ಹಾಗಾಗಿ ವರ್ಬ್ ಆದ್ಮೇಲೆ ಬಂದ ಮೊದಲ ಪದಕ್ಕೇ ತೀರ್ಪು ಕೊಡ್ಬೇಡಿ, ಆಮೇಲಿನ ಪದವನ್ನೂ ಓದಿ.

ಮೂರನೇದು ಸೂಕ್ಷ್ಮ. ಅಡಿಕೆ ಬೇಯಿಸೋ ದಿನ ಅಂಗಳಕ್ಕೆ ಕಾಲಿಟ್ರೆ ಚೊಗರಿನ (ಅಡಿಕೆ ಬೆಂದ ನೀರಿನ) ವಾಸನೆ ಮೂಗಿಗೆ ಹೊಡೆಯತ್ತೆ. ಅದನ್ನ "ದಿ ಯಾರ್ಡ್ ಸ್ಮೆಲ್ಸ್ ಸ್ಟ್ರಾಂಗ್ಲಿ ಆಫ್ ಚೊಗರು" ಅಂತ ಬರೀಬೇಕು, ಸ್ಟ್ರಾಂಗ್ಲಿ, ಅಡ್ವರ್ಬೇ. ಯಾಕೆ? ಯಾವ ವಾಸನೆ ಅನ್ನೋದನ್ನ "ಆಫ್ ಚೊಗರು" ಹೇಳ್ಬಿಟ್ಟಿದೆ, ಉಳಿದಿರೋದು ಎಷ್ಟು ಅನ್ನೋ ಪ್ರಶ್ನೆ, ಅದಕ್ಕೆ ಉತ್ತರ ಸ್ಟ್ರಾಂಗ್ಲಿ, ಫೇಂಟ್ಲಿ, ಸ್ಲೈಟ್ಲಿ. "ಆಫ್" ಇಲ್ದೇ ಇದ್ರೆ ಮತ್ತೆ ಅಡ್ಜೆಕ್ಟಿವ್: "ದಿ ಪಿಕಲ್ ಸ್ಮೆಲ್ಸ್ ಸ್ಟ್ರಾಂಗ್." ಅಪ್ಪೆಮಿಡಿ ಭರಣಿ ಮುಚ್ಚಳ ತೆಗೆದು ಎರಡೂ ವಾಕ್ಯ ಹೇಳ್ಕೊಂಡು ನೋಡಿ, ವ್ಯತ್ಯಾಸ ಮೂಗಲ್ಲೇ ಗೊತ್ತಾಗತ್ತೆ. ಟೇಸ್ಟ್‌ಗೂ ಇದೇ ಲೆಕ್ಕ, "ಟೇಸ್ಟ್ಸ್ ಸ್ಟ್ರಾಂಗ್ಲಿ ಆಫ್ ಜಿಂಜರ್".

ಹೆಜ್ಜೆ ಐದು: ಸೀ ಮತ್ತು ಹಿಯರ್ ಈ ಗುಂಪಿನೋರಲ್ಲ

ಕಣ್ಣು ಕಿವಿ ಕೆಲ್ಸ ಅಂತ ಸೀ, ಹಿಯರ್, ವಾಚ್, ಲಿಸನ್ ಇವನ್ನೂ ಇದೇ ಗುಂಪಿಗೆ ಸೇರ್ಸೋರಿದಾರೆ. ಬೇಡ. ಇವು ಸಂಕ ಆಗಲ್ಲ, ಇವಕ್ಕೆ ಅಡ್ವರ್ಬೇ ಬೇಕು. ಗುಡ್ಡದ ಮನೆಗಳಲ್ಲಿ ನೆಟ್‌ವರ್ಕ್ ಸಿಗೋದು ತೋಟದ ಒಂದು ಮೂಲೇಲೋ ಅಟ್ಟದ ಕಿಟಕಿ ಹತ್ರಾನೋ, ಹಾಗಾಗಿ ಫೋನಲ್ಲಿ ದಿನಾ ಬೇಕಾಗೋ ವಾಕ್ಯ ಇದು: ನಿಮ್ಮ ಮಾತು ಸ್ಪಷ್ಟವಾಗಿ ಕೇಳ್ತಿಲ್ಲ. "ಐ ಕಾಂಟ್ ಹಿಯರ್ ಯು ಕ್ಲಿಯರ್ಲಿ." ನಾನು ಕೇಳಿಸ್ಕೊಳ್ಳೋದು ಹೇಗೆ ಅನ್ನೋ ಮಾತು ಅದು. ಅದನ್ನೇ ಧ್ವನಿ ಕಡೆಯಿಂದ ಹೇಳೋದಾದ್ರೆ "ಯುವರ್ ವಾಯ್ಸ್ ಸೌಂಡ್ಸ್ ಅನ್‌ಕ್ಲಿಯರ್." ಇವೆರಡನ್ನ ಕಲೆಸಿ "ಯುವರ್ ವಾಯ್ಸ್ ಈಸ್ ನಾಟ್ ಹಿಯರಿಂಗ್ ಕ್ಲಿಯರ್" ಅಂತ ಕಾಲ್ ಸೆಂಟರ್ ಇಂಟರ್‌ವ್ಯೂಲಿ ಅಂದ್ಬಿಟ್ರೆ ಕಷ್ಟ.

ಜೊತೆಗೆ "ಇಂಗ್" ರೋಗ. ಕನ್ನಡದಲ್ಲಿ "ವಾಸನೆ ಬರ್ತಾ ಇದೆ" ಅನ್ನೋದ್ರಿಂದ "ದಿ ಕಾಫಿ ಈಸ್ ಸ್ಮೆಲ್ಲಿಂಗ್ ಗುಡ್" ಅಂತ ಬಂದ್ಬಿಡತ್ತೆ. ಗುಣ ಹೇಳೋವಾಗ ಸ್ಮೆಲ್, ಟೇಸ್ಟ್, ಸೌಂಡ್‌ಗೆ ಸಾಮಾನ್ಯವಾಗಿ "ಇಂಗ್" ಹಾಕಲ್ಲ, "ಸ್ಮೆಲ್ಸ್ ಗುಡ್" ಅಷ್ಟೇ. ಕೆಲ್ಸ ಹೇಳೋವಾಗ ಹಾಕ್ಬೋದು, "ಐ ಆಮ್ ಟೇಸ್ಟಿಂಗ್ ದಿ ಸಾಂಬಾರ್." ಲುಕ್ ಮತ್ತು ಫೀಲ್ ಸ್ವಲ್ಪ ಉದಾರಿಗಳು, "ಯು ಆರ್ ಲುಕಿಂಗ್ ಗುಡ್", "ಐ ಆಮ್ ಫೀಲಿಂಗ್ ಟೈರ್ಡ್" ಎರಡೂ ನಡೆಯತ್ತೆ.

ಹೆಜ್ಜೆ ಆರು: ಇದೇ ಬುದ್ಧಿ ಬೇರೆ ವರ್ಬುಗಳಿಗೂ

ಐದು ಇಂದ್ರಿಯದ ವರ್ಬು ಕೈಗೆ ಬಂದ್ಮೇಲೆ ಇನ್ನೊಂದಷ್ಟು ತಾವಾಗೇ ಬರತ್ತೆ: ಸೀಮ್, ಅಪಿಯರ್, ಬಿಕಮ್, ಗ್ರೋ, ಟರ್ನ್, ಗೋ, ಗೆಟ್, ಸ್ಟೇ, ರಿಮೇನ್. ಹಳದಿ ಎಲೆ ರೋಗ ಬಂದ ತೋಟದಲ್ಲಿ "ದಿ ಲೀವ್ಸ್ ಟರ್ನ್ಡ್ ಯೆಲ್ಲೋ", ಎಲೆ ಹಳದಿ ಆಯ್ತು. ಜೀಪು ನಿಧಾನಕ್ಕೆ ತಿರುಗ್ತು, "ದಿ ಜೀಪ್ ಟರ್ನ್ಡ್ ಸ್ಲೋಲಿ". ಹಾಲು ಹುಳಿ ಬಂತು, "ದಿ ಮಿಲ್ಕ್ ವೆಂಟ್ ಸೋರ್". ಮಳೆಗಾಲದಲ್ಲಿ ರಸ್ತೆ ಮುಚ್ಚಿದೆ, "ದಿ ರೋಡ್ ರಿಮೇನ್ಸ್ ಕ್ಲೋಸ್ಡ್". ಎಲ್ಲಾ ಕಡೆ "ಆಯ್ತು, ಇದೆ, ಉಳೀತು" ಅನ್ನೋ ಅರ್ಥ ಬಂದ್ರೆ ಅಡ್ಜೆಕ್ಟಿವ್. ಬೇರೆ ಹೊಸ ರೂಲು ಬೇಕಿಲ್ಲ.

ಹೋಲಿಸೋವಾಗ್ಲೂ ಅಷ್ಟೇ. "ದಿಸ್ ಹನಿ ಟೇಸ್ಟ್ಸ್ ಸ್ವೀಟರ್", ಮೋರ್ ಸ್ವೀಟ್ಲಿ ಅಲ್ಲ. "ಶಿ ಸ್ಪೀಕ್ಸ್ ಮೋರ್ ಕ್ಲಿಯರ್ಲಿ ನೌ, ಹರ್ ವಾಯ್ಸ್ ಸೌಂಡ್ಸ್ ಕ್ಲಿಯರರ್."

ಈಗ ಪೆನ್ನು ಎತ್ಕೊಳ್ಳಿ

ಉತ್ತರ ಕೆಳಗಿದೆ, ಮೊದ್ಲು ನೀವೇ ಬರೀರಿ. ಆಗುಂಬೆ ಸನ್‌ಸೆಟ್ ಪಾಯಿಂಟಲ್ಲಿ ಅವತ್ತು "ದಿ ಸ್ಕೈ ಲುಕ್ಡ್", ಕ್ಲಿಯರ್ರೋ ಕ್ಲಿಯರ್ಲಿಯೋ? ಘಾಟಿ ಇಳಿಯೋವಾಗ "ದಿ ಡ್ರೈವರ್ ಲುಕ್ಡ್ ಅಟ್ ದಿ ರೋಡ್", ಕೇರ್‌ಫುಲ್ಲೋ ಕೇರ್‌ಫುಲಿಯೋ? ಮಂಜಿಂದ "ದಿ ಬಸ್ ಅಪಿಯರ್ಡ್", ಸಡನ್ನೋ ಸಡನ್ಲಿಯೋ? ಡಬ್ಬೀಲಿಟ್ಟ "ಹಪ್ಪಳ ಸ್ಟೇಯ್ಡ್", ಕ್ರಿಸ್ಪೋ ಕ್ರಿಸ್ಪ್ಲಿಯೋ? "ಅಮ್ಮ ಫೆಲ್ಟ್ ದಿ ಬೇಬೀಸ್ ಫೋರ್‌ಹೆಡ್", ಜೆಂಟಲ್ಲೋ ಜೆಂಟ್ಲಿಯೋ, ಅದಾದ್ಮೇಲೆ "ದಿ ಫೋರ್‌ಹೆಡ್ ಫೆಲ್ಟ್", ಹಾಟೋ ಹಾಟ್ಲಿಯೋ? ಒಲೆ ಮೇಲಿನ "ಅಟ್ಟ ಸ್ಮೆಲ್ಸ್ ಆಫ್ ಸ್ಮೋಕ್", ಸ್ಟ್ರಾಂಗೋ ಸ್ಟ್ರಾಂಗ್ಲಿಯೋ?

ಆಕಾಶ ಕಾಣ್ತು, ಹಾಗಾಗಿ ಕ್ಲಿಯರ್. ಡ್ರೈವರ್ ನೋಡಿದ್ರು, ಅಟ್ ಕೂಡ ಇದೆ, ಕೇರ್‌ಫುಲಿ. ಬಸ್ಸಿನದ್ರಲ್ಲಿ ತುಂಬಾ ಜನ ತಪ್ತಾರೆ, ಅಪಿಯರ್ ಲಿಂಕಿಂಗ್ ಅಂತ ಈಗಷ್ಟೇ ಓದಿದೀವಲ್ಲ ಅಂತ ಸಡನ್ ಬರೀತಾರೆ. ವಾಸ್ ಹಾಕಿ ನೋಡಿ, "ದಿ ಬಸ್ ವಾಸ್ ಸಡನ್", ಅರ್ಥ ಬರಲ್ಲ. ಇಲ್ಲಿ ಅಪಿಯರ್ ಅಂದ್ರೆ "ಹಾಗೆ ಕಾಣೋದು" ಅಲ್ಲ, "ಪ್ರತ್ಯಕ್ಷ ಆಗೋದು", ಅದು ಕೆಲ್ಸ, ಸಡನ್ಲಿ. ಡ್ರೈವರ್ ಸುಸ್ತಾದ ಹಾಗೆ ಕಂಡ್ರು ಅಂದಿದ್ರೆ "ಅಪಿಯರ್ಡ್ ಟೈರ್ಡ್" ಆಗ್ತಿತ್ತು. ಹಪ್ಪಳ ಗರಿಗರಿಯಾಗೇ ಉಳೀತು, ಕ್ರಿಸ್ಪ್. ಅಮ್ಮ ಮುಟ್ಟಿ ನೋಡಿದ್ಳು, ಜೆಂಟ್ಲಿ, ಹಣೆ ಬಿಸಿ ಅನ್ಸ್ತು, ಹಾಟ್. ಅಟ್ಟಕ್ಕೆ "ಆಫ್" ಇದೆ, ಸ್ಟ್ರಾಂಗ್ಲಿ.

ತಪ್ಪಿದ್ದನ್ನ ಹೊಡೆದಾಕಿ ಸುಮ್ನಾಗ್ಬೇಡಿ, ಅದರ ಪಕ್ಕ ಕನ್ನಡದ ವರ್ಬ್ ಬರೀರಿ, ನೋಡು ಅಥವಾ ಕಾಣು, ಮೂಸು ಅಥವಾ ವಾಸನೆ ಬರು. ಒಂದು ವಾರ ದಿನಕ್ಕೆ ಐದು ವಾಕ್ಯ ನಿಮ್ಮ ಮನೇಲಿ ಆಗಿದ್ದರ ಬಗ್ಗೇನೇ ಬರೀರಿ, ಅಡುಗೆಮನೆ, ತೋಟ, ಬಸ್‌ಸ್ಟ್ಯಾಂಡು, ಏನಾದ್ರೂ ಆಗ್ಬೋದು.

ಚಿಕ್ಕಮ್ಮನ ಮಗನಿಗೆ ಇಷ್ಟನ್ನೇ ಫೋನಲ್ಲಿ ಹೇಳಿದ್ದು, ಅಟ್ಟದ ಕಿಟಕಿ ಹತ್ರ ನಿಂತು ಕೇಳಿಸ್ಕೊಂಡ. ಈಗ ಅವನ ಗೇಟಿನ ಹತ್ರ ಬೋರ್ಡ್ ನಿಂತಿದೆ: "ಅವರ್ ಫುಡ್ ಟೇಸ್ಟ್ಸ್ ಡೆಲಿಷಿಯಸ್. ದಿ ವ್ಯಾಲಿ ಲುಕ್ಸ್ ಬ್ಯೂಟಿಫುಲ್ ಇನ್ ದಿ ಮಾರ್ನಿಂಗ್. ಯು ವಿಲ್ ಫೀಲ್ ಪೀಸ್‌ಫುಲ್ ಹಿಯರ್." ಅದರ ಕೆಳಗೆ, ನನ್ನನ್ನ ಕೇಳದೇ ಅವನೇ ಸೇರಿಸಿದ ಸಾಲು, ಕೊನೇ ಇಳಿಜಾರಲ್ಲಿ ಪಾಚಿ ಕಟ್ಟಿರತ್ತೆ ಅಂತ: "ಪ್ಲೀಸ್ ಡ್ರೈವ್ ಸ್ಲೋಲಿ. ದಿ ರೋಡ್ ಲುಕ್ಸ್ ಡ್ರೈ ಬಟ್ ಸ್ಟೇಸ್ ಸ್ಲಿಪರಿ."